ನಗು ಎಣಿಸುತ್ತಿದ್ದವರು

ಎದುರಿಗೆ ಕೂತವರು ನಗುವುದಕ್ಕೆ ಒಂದು ಗಳಿಗೆ ಮೊದಲು ನಮ್ಮ ಮಹಡಿಯವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮಗುವಿಗೆ ತುತ್ತಿಡುವಾಗ ತಾಯಿಯ ಬಾಯಿ ತೆರೆದುಕೊಳ್ಳುತ್ತದಲ್ಲ, ಹಾಗೆ. ಕೆಳಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕುಳಿತಿತ್ತು. ನಾವು ನಕ್ಕ ಕೂಡಲೇ ಆ ಬಾಯಿ ಮುಚ್ಚಿಕೊಳ್ಳುವುದು, ಕೈಯಲ್ಲಿನ ಪೊಟ್ಟಣದಿಂದ ತೊಡೆಯ ಮೇಲಿನ ಸ್ಟೀಲ್ ಡಬ್ಬಿಗೆ ಒಂದು ಹುಣಸೆಬೀಜ ಬೀಳುವುದು. ಟಿಣ್. ತಾವು ಮಾತ್ರ ನಗುತ್ತಿರಲಿಲ್ಲ.

ಹಾಸನದ ನಮ್ಮ ಮನೆಯ ಮಹಡಿಯಲ್ಲಿ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದ ಸಣ್ಣ ಕಂಪನಿ ಅವರದು. ಮೊಬೈಲಿನಲ್ಲಿ ಚಂದಾ ಕಟ್ಟಿ ನೋಡುವ ಹಾಸ್ಯದ ಕಂತುಗಳನ್ನು ಮಾಡುತ್ತಿದ್ದರು. ಕಂಪನಿ ಕಟ್ಟಿದವರು ಇಬ್ಬರು. ಒಬ್ಬರು ಬೆಂಗಳೂರಿನಲ್ಲಿದ್ದು ದುಡ್ಡಿರುವವರ ಜೊತೆ ಮಾತಾಡುವವರು; ಇವರು ಇಲ್ಲಿದ್ದು ಬರೆಯುವವರು, ಶೂಟಿಂಗ್ ಮಾಡಿಸುವವರು. ಬೀದಿಗೆಲ್ಲ ಇವರು ‘ಕಾಮಿಡಿ ಸಾ’. ಅರಕಲಗೂಡಿನ ಕಡೆಯವರು. ಅಪ್ಪ ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದರು.

ಯಾವ ಕಂತೇ ಆಗಲಿ, ಹೊರಗೆ ಬಿಡುವ ಮೊದಲು ಕೆಳಗಿಳಿದು ಬಂದು ನನಗೆ ತೋರಿಸುತ್ತಿದ್ದರು. ಅದೂ ಸದ್ದು ಪೂರ್ತಿ ತೆಗೆದು. “ಮಾತು ಮೋಸ ಮಾಡ್ತದೆ ಕಣಕ್ಕಾ. ಮಾತಿಲ್ದೆ ನಗು ಬಂದ್ರೆ ಅದು ಗಟ್ಟಿ.” ಟ್ಯಾಬನ್ನು ನನ್ನ ಮುಂದೆ ನಿಲ್ಲಿಸಿ ತಾವು ಅದರ ಹಿಂದೆ ಕೂತು ನನ್ನ ಮುಖವನ್ನೇ ನೋಡುವರು. ಬೀಜ ಬೀಳದ ದೃಶ್ಯ ಎಷ್ಟೇ ಕಷ್ಟಪಟ್ಟು ತೆಗೆದದ್ದಾದರೂ ಕತ್ತರಿಸಿ ಎಸೆಯುವರು.

“ನಾನೇ ಯಾಕೆ?” ಎಂದು ಒಮ್ಮೆ ಕೇಳಿದೆ.

“ನೀವು ಕಾನ್ವೆಂಟ್ನೋರು, ಸುಮ್‌ಸುಮ್ನೆ ನಗಲ್ಲ. ಮಿಕ್ಕೋರು ಒಂದ್ ಲೋಟ ಕಾಫಿ ಕೊಟ್ರೂ ನಗ್ತಾರೆ. ನಮ್ಮಪ್ಪ ಎಲೇನ ಬೆರಳಲ್ಲಿ ತಿರುಚಿ ದರ್ಜೆ ಹೇಳ್ತಿದ್ರು. ನಾನು ಮುಖ ನೋಡಿ ಹೇಳ್ತೀನಿ.”

ಕಾನ್ವೆಂಟಿನ ಬಗ್ಗೆ ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕಿಸಕ್ಕನೆ ನಕ್ಕು ಸಿಕ್ಕಿಬಿದ್ದ ನನಗೆ ಸಿಸ್ಟರೊಬ್ಬರು ಉಪಾಯ ಹೇಳಿಕೊಟ್ಟಿದ್ದರು: ನಗು ಬಂದರೆ ಬೂಟಿನೊಳಗೆ ಕಾಲ್ಬೆರಳುಗಳನ್ನು ಬಿಗಿಯಾಗಿ ಮಡಚು, ಮುಖ ಕಲ್ಲಾಗುತ್ತದೆ. ಆಗುತ್ತಿತ್ತು.

ಹೊಳೆನರಸೀಪುರದಲ್ಲಿದ್ದ ಅತ್ತೆ ಸ್ಟ್ರೋಕ್ ಆದ ಮೇಲೆ ನಮ್ಮ ಜೊತೆಗೇ ಇದ್ದರು. ಅವರ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು, ‘ತಡಿ’. ನೀರು ಬೇಕಾದರೂ ತಡಿ, ಕಾಲು ನೋಯುತ್ತಿದ್ದರೂ ತಡಿ, ಬೆಳಿಗ್ಗೆ ನನ್ನ ಕೆನ್ನೆ ಸವರುವಾಗಲೂ ತಡಿ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಏನಾದರೂ ಸರಿ, ದನಿ ಹೊರಡ್ತಾ ಇರಬೇಕಮ್ಮ. ಮಾತು, ಹಾಡು, ನಗು, ಯಾವುದಾದ್ರೂ. ಬಾಯಿ ಮುಚ್ಚಿ ಕೂತರೆ ಇರೋದೂ ಹೋಗುತ್ತೆ.”

ಆ ಕೆಲಸಕ್ಕೆ ನನಗಿಂತ ಹೆಚ್ಚು ಹಟ ಹಿಡಿದವರು ಮಹಡಿಯವರೇ. ಅತ್ತೆಯ ರಾಗಿ ಗಂಜಿಯ ಹೊತ್ತಿಗೆ ಸರಿಯಾಗಿ ಇಳಿದು ಬಂದು ಬೆತ್ತದ ಕುರ್ಚಿಯ ಪಕ್ಕ ನೆಲಕ್ಕೆ ಕೂರುತ್ತಿದ್ದರು. “ಅವ್ವಾ, ಸಾಕು ಅನ್ನು. ಅನ್ನಕಿಲ್ವಾ? ಅಂಗಾರೆ ತಗೋ, ಇನ್ನೊಸಿ ಹುಯ್ತೀನಿ.” ಗಂಜಿ ಲೋಟದಿಂದ ತುಳುಕಿ ಅತ್ತೆಯ ಸೀರೆಯ ಮೇಲೆ ಚೆಲ್ಲಿದರೂ ನಿಲ್ಲಿಸುತ್ತಿರಲಿಲ್ಲ. ಅತ್ತೆ ಕೈಯಾಡಿಸಿ “ತಡಿ, ತಡಿ” ಎಂದು ಒದ್ದಾಡುವರು. ಒಂದು ದಿನ ಸೀರೆ ಪೂರ್ತಿ ನೆನೆದಾಗ ಅತ್ತೆ ರೇಗಿ, ಸೊಟ್ಟ ಬಾಯಲ್ಲಿ, ಸ್ಪಷ್ಟವಾಗಿ ಕೂಗಿದರು: “ಸಾಕು!”

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವರು ನನ್ನ ಕಡೆ ನೋಡಲಿಲ್ಲ. ಅವರ ಕಣ್ಣು ಅತ್ತೆಯ ತುಟಿಯ ಮೇಲಿತ್ತು. ಅದನ್ನು ಅಕ್ಕರೆ ಎಂದುಕೊಂಡೆ. ಅಕ್ಕರೆಯೂ ಇತ್ತೇನೋ.

ಕೆಲವು ವಾರಗಳ ಮೇಲೆ ಹೊಸ ಕಂತು ತಂದರು. ಎಂದಿನಂತೆ ಸದ್ದಿಲ್ಲ. ದಪ್ಪ ನಟನೊಬ್ಬ ಸೀರೆಯುಟ್ಟು ಮುದುಕಿಯಾಗಿ ಮದುವೆ ಊಟಕ್ಕೆ ಕೂತಿದ್ದಾನೆ. ಬಡಿಸುವವನು ಸಾರು ಹುಯ್ಯುತ್ತಲೇ ಇದ್ದಾನೆ. ಮುದುಕಿ ಕೈಯಾಡಿಸಿದಷ್ಟೂ ಹುಯ್ಯುತ್ತಾನೆ. ಸಾರು ಎಲೆ ದಾಟಿ ಮಡಿಲಿಗೆ, ಮಡಿಲು ದಾಟಿ ಪಕ್ಕದವರ ಎಲೆಗೆ ಹರಿಯಿತು. ನಾನು ನಾಲ್ಕು ಸಲ ನಕ್ಕೆ. ನಾಲ್ಕು ಬೀಜ ಬಿದ್ದವು. ಅವರು ಡಬ್ಬಿ ಮುಚ್ಚಿಕೊಂಡು ಮಹಡಿ ಹತ್ತಿದರು.

ಸದ್ದಿನ ಸಮೇತ ನಾನದನ್ನು ನೋಡಿದ್ದು ಚನ್ನರಾಯಪಟ್ಟಣದಲ್ಲಿ, ನಾದಿನಿಯ ಮನೆಯ ಗೃಹಪ್ರವೇಶದ ದಿನ. ಊಟದ ಪಂಕ್ತಿಯಲ್ಲಿ ಅತ್ತೆಯ ಎಲೆಯ ಮುಂದೆ ಸಾರಿನ ಬಕೆಟ್ಟು ಬಂತು. ಅತ್ತೆ ಕೈ ಅಡ್ಡ ಹಿಡಿದು “ತಡಿ ತಡಿ” ಎಂದರು. ಎದುರು ಸಾಲಿನಲ್ಲಿದ್ದ, ನಮ್ಮ ಯಜಮಾನರ ಚಿಕ್ಕಪ್ಪ ಎದೆ ಬಡಿದುಕೊಂಡು ನಕ್ಕರು. “ಅಯ್ಯೋ, ತಡಿ ಅಜ್ಜಿ ಕಣ್ರಪ್ಪೋ! ನಮ್ಮತ್ಗೇನೇ ಅದು! ಊರೆಲ್ಲಾ ನೋಡವ್ರೆ, ಪಾಪ, ಇವ್ರೊಬ್ರೇ ನೋಡಿಲ್ಲ!” ಎದ್ದು ಬಂದು ಎಂಜಲು ಕೈಯಿಂದಲೇ ಮೊಬೈಲನ್ನು ಅತ್ತೆಯ ಮುಖಕ್ಕೆ ಹಿಡಿದರು. ಮುದುಕಿಯ ವೇಷದವನು ತುಟಿ ಸೊಟ್ಟ ಮಾಡಿ, ಅತ್ತೆಯದೇ ರಾಗದಲ್ಲಿ, “ತಡಿ ತಡಿ ತಡಿ” ಎಂದು ಅರಚುತ್ತಿದ್ದ. ಪಂಕ್ತಿಗೆ ಪಂಕ್ತಿಯೇ ಅವನ ಜೊತೆ ದನಿಗೂಡಿಸಿತು.

ಅತ್ತೆ ಕೊನೆಯವರೆಗೂ ನೋಡಿದರು. ನಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ತುಟಿ ಮುಚ್ಚಿದರು. ಬಡಿಸುವವರು ಮತ್ತೆ ಬಂದಾಗ ಎಲೆಯ ಮೇಲೆ ಅಂಗೈ ಇಟ್ಟರು, ಮಾತಾಡಲಿಲ್ಲ. ಮಾರನೆಯ ದಿನ ಗಂಜಿಗೂ ಮಾತಾಡಲಿಲ್ಲ. ಆ ತಿಂಗಳು ಪೂರ್ತಿ ಮಾತಾಡಲಿಲ್ಲ.

ನಾನು ಮಹಡಿ ಹತ್ತಿ ಅವರ ಬಾಗಿಲಲ್ಲಿ ನಿಂತೆ. “ಅದನ್ನು ತೆಗೆದುಬಿಡಿ. ಅತ್ತೆ ಬಾಯಿ ಬಿಡುತ್ತಿಲ್ಲ.”

“ತೆಗ್ಯಾಕಾಗಲ್ಲ ಕಣಕ್ಕ. ನಮ್ಮ ಕಂಪನೀಲಿ ಓಡ್ತಿರೋದು ಅದೊಂದೇ.” ಮೇಜಿನ ಮೇಲಿದ್ದ ಡಬ್ಬಿಯನ್ನು ಅಲ್ಲಾಡಿಸಿದರು. “ನಾನು ಒಂಬತ್ತು ಸೀನು ತೆಗ್ದಿದ್ದೆ. ನೀವು ನಕ್ಕಿದ್ದು ನಾಕಕ್ಕೆ. ಆ ನಾಕೇ ಮಡಗಿದ್ದು. ನೀವು ನಗದೇ ಇದ್ದಿದ್ರೆ ಆ ಕಂತೇ ಇರ್ತಿರ್ಲಿಲ್ಲ.” ಅದನ್ನು ಅವರು ಚುಚ್ಚಲೆಂದು ಹೇಳಲಿಲ್ಲ. ಮಳೆ ಬಂತು ಅನ್ನುವಂತೆ ಹೇಳಿದರು. “ನಮ್ಮಪ್ಪನ ಕೆಮ್ಮನ್ನೂ ಬಿಟ್ಟಿಲ್ಲ ನಾನು. ನಮ್ಮ ಮೊದಲ್ನೇ ಕಂತೇ ಅದು. ಅವತ್ನಿಂದ ಅಪ್ಪ ನನ್ ಕೂಡೆ ಮಾತಿಲ್ಲ.”

ಯಜಮಾನರು ಮನೆ ಖಾಲಿ ಮಾಡಿಸೋಣ ಎಂದರು. ನಾನೇ ಬೇಡವೆಂದೆ. ಹತ್ತಿರದಲ್ಲೇ ಇರಲಿ ಅನ್ನಿಸಿತು.

ಐದು ತಿಂಗಳಾದ ಮೇಲೆ ಅವರು ಮತ್ತೆ ಟ್ಯಾಬು ಹಿಡಿದು ಇಳಿದು ಬಂದರು. ಈ ಸಲದ್ದು ಒಂದು ಗಂಟೆಯ ಚಿತ್ರ. ಮೊದಲ ಬಾರಿಗೆ ತಾವೇ ನಟಿಸಿದ್ದರು, ತಮ್ಮ ಅಪ್ಪನ ಪಾತ್ರದಲ್ಲಿ. “ಇದು ಓಡದಿದ್ರೆ ಬೆಂಗಳೂರಿನೋನು ನನ್ನ ಆಚೆಗೆ ಹಾಕ್ತಾನಂತೆ ಅಕ್ಕ. ಓಗ್ಲಿ ಬುಡಿ. ಅಪ್ಪ ಇದನ್ನ ನೋಡಿ ಒಂದ್ಸಲ ನಕ್ಬುಟ್ರೆ...” ಟ್ಯಾಬನ್ನು ನನ್ನ ಮುಂದೆ ನಿಲ್ಲಿಸಿ, ಸದ್ದು ತೆಗೆದು, ಎಂದಿನಂತೆ ಅದರ ಹಿಂದೆ ಕೂತರು.

ಅತ್ತೆ ಇನ್ನೂ ಬಾಯಿ ಬಿಡದೆ ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದರು. ನಾನು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡು ಕೂತೆ. ಮನೆಯಲ್ಲಿ ಬೂಟಿರುವುದಿಲ್ಲವಲ್ಲ.

ಹೊಗೆಸೊಪ್ಪಿನ ಹರಾಜಿನ ದೃಶ್ಯ ಬಂತು. ಅಪ್ಪ ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಕಂದು ಟವೆಲು ಹೊದ್ದು, ತನ್ನ ಸೊಪ್ಪಿನ ಮೂಟೆಯ ಪಕ್ಕ ನಿಂತಿದ್ದಾನೆ. ಸಾಲಾಗಿ ಬರುವ ಖರೀದಿದಾರರು ತಲೆಯೆತ್ತದೆ ಎಲೆ ತಿರುಚಿ ಮೂಸಿ ಮುಂದೆ ಹೋಗುತ್ತಾರೆ. ಒಬ್ಬೊಬ್ಬರು ಹೋದ ಹಾಗೆಲ್ಲ ಅಪ್ಪನ ನಗು ಅಗಲವಾಗುತ್ತದೆ. ಕೊನೆಯವನು ಎಲೆಯೆಂದುಕೊಂಡು ಅಪ್ಪನ ಟವೆಲಿನ ತುದಿಯನ್ನೇ ತಿರುಚಿದ, ಮೂಸಿದ, ತಲೆಯಾಡಿಸಿ ನಡೆದುಬಿಟ್ಟ. ಅಪ್ಪ ತನ್ನ ಟವೆಲನ್ನು ತಾನೇ ಎತ್ತಿ ಮೂಸಿ ನೋಡಿಕೊಂಡ.

ಅಷ್ಟು ಒಳ್ಳೆಯದನ್ನು ಅವರು ಯಾವತ್ತೂ ಮಾಡಿರಲಿಲ್ಲ. ನಗು ನನ್ನ ಗಂಟಲಿಗೆ ಬಂದು ನಿಂತಿತು. ಅವರ ಬಾಯಿ ತೆರೆದುಕೊಂಡಿತು. ನಾನು ಕಾಲ್ಬೆರಳುಗಳನ್ನು ಮೂಳೆ ನೋಯುವಷ್ಟು ಮಡಚಿದೆ.

ಆಗ ಪಕ್ಕದಿಂದ ಒಂದು ಸದ್ದು ಬಂತು. ಒಣಗಿದ, ಒಡಕು ಸದ್ದು. ಅತ್ತೆ ನಗುತ್ತಿದ್ದರು.

ಮಹಡಿಯವರ ಕೈ ಬೀಜದ ಪೊಟ್ಟಣಕ್ಕೆ ಹೋಯಿತು. ಆದರೆ ಅಭ್ಯಾಸ, ಕಣ್ಣು ನನ್ನ ಮುಖಕ್ಕೇ ಮರಳಿತು. ಅತ್ತೆಯೂ ನನ್ನ ಮುಖ ನೋಡಿದರು, ಇಲ್ಲಿ ನಗಬಹುದೇ ಎಂದು ಕೇಳುವವರ ಹಾಗೆ. ನಾನು ಅವರಿಬ್ಬರಿಗೂ ಕಲ್ಲು ಮುಖವನ್ನೇ ಕೊಟ್ಟೆ. ಮಹಡಿಯವರು ಬೀಜವನ್ನು ಮರಳಿ ಪೊಟ್ಟಣಕ್ಕೆ ಹಾಕಿದರು. ಅತ್ತೆ ಬಾಯಿ ಮುಚ್ಚಿಕೊಂಡರು.

“ಥ್ಯಾಂಕ್ಸ್ ಅಕ್ಕ,” ಎಂದರು, ಟ್ಯಾಬು ಮಡಚುತ್ತ. “ಈ ಊರಲ್ಲಿ ಸುಳ್ಳು ಹೇಳ್ದೆ ಇರೋ ಮುಖ ನಿಮ್ದೊಂದೇ.”

ಹರಾಜಿನ ದೃಶ್ಯವನ್ನು ಕತ್ತರಿಸಿದರು. ಉಳಿದ ಚಿತ್ರವನ್ನು ಜನ ಅರ್ಧಕ್ಕೇ ಬಿಟ್ಟರು. ಬೆಂಗಳೂರಿನವರು ಹೇಳಿದಂತೆಯೇ ಅವರನ್ನು ಹೊರಗೆ ಹಾಕಿದರು. ಮಹಡಿ ಖಾಲಿಯಾಯಿತು. ‘ತಡಿ ಅಜ್ಜಿ’ ಮಾತ್ರ ಈಗಲೂ ಬಸ್ಸುಗಳಲ್ಲಿ ಅರಚುತ್ತಿದ್ದಾಳೆ. ಅತ್ತೆ ಅದಾದ ಮೇಲೆ ಒಂದು ವರ್ಷ ಬದುಕಿದ್ದರು. ಯಾವ ದನಿಯೂ ಬರಲಿಲ್ಲ.

ಅತ್ತೆಯ ಹನ್ನೊಂದನೆಯ ದಿನದ ತಿಥಿಗೆ ಅವರು ಅರಕಲಗೂಡಿನಿಂದ ಬಸ್ಸು ಹಿಡಿದು ಬಂದಿದ್ದರು. ಅಂಗೈಗಳಲ್ಲಿ ಹೊಗೆಸೊಪ್ಪಿನ ಕಪ್ಪು ಅಂಟು. ಪಂಕ್ತಿಯ ಕೊನೆಯಲ್ಲಿ ಕೂತಿದ್ದರು. ನಾನು ಪಾಯಸ ಬಡಿಸುತ್ತ ಅವರ ಮುಂದೆ ಬಂದಾಗ ತಲೆಯೆತ್ತದೆ ಹೇಳಿದರು:

“ಅವತ್ತು ಅವ್ವ ನಕ್ಕಿದ್ರು ಅಲ್ವಾ ಅಕ್ಕ? ಬೀಜ ಕೈಯಲ್ಲಿತ್ತು. ನಾನೇ ಆಕ್ಲಿಲ್ಲ. ನಾನು ಆಕಿದ್ದಿದ್ರೆ ಅವ್ವ ಇನ್ನೊಸಿ ನಗ್ತಿದ್ರೇನೋ. ನಂದೇ ತೆಪ್ಪು.”

ಕಾಲ್ಬೆರಳು ಮಡಚಿದ್ದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಒಂದು ಸೌಟು ಪಾಯಸ ಹುಯ್ದೆ, ಮತ್ತೊಂದು ಹುಯ್ದೆ, ಇನ್ನೊಂದು. ಪಾಯಸ ಎಲೆಯ ಅಂಚು ದಾಟಿ ಅವರ ಪಂಚೆಯ ಕಡೆಗೆ ಹರಿಯತೊಡಗಿತು. ಅವರು ಮೆಲ್ಲಗೆ ಅಂಗೈ ಅಡ್ಡ ಹಿಡಿದರು.

“ಸಾಕು,” ಎಂದರು.