ಎರಡು ಪುಟಗಳ ನಡುವೆ ಒಬ್ಬ ಸೂಲಗಿತ್ತಿ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಶೋಕಪುರಂನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾವು ಮೂವರು ಗೆಳತಿಯರು ಸೇರುತ್ತೇವೆ. ನಮ್ಮದು ಮೇಜಿನ ಸುತ್ತ ಕೂತು ಕಥೆಯೊಂದನ್ನು ಆಡುವ ಆಟ. ಅವರಿಬ್ಬರು ಒಂದೊಂದು ಪಾತ್ರವಾಗುತ್ತಾರೆ, ನಾನು ಕಥೆ ನಡೆಸುತ್ತೇನೆ. ಮುಂದೇನಾಗಬಹುದೆಂದು ತಿಳಿಯದ ಕಡೆ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಿಯಮಗಳಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿದೆ. ದಾಳ ಉರುಳುವ ಮೊದಲು ಅದರ ನಿಯಮವನ್ನು ನಾನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಹೇಳಿದ್ದನ್ನು ಆಮೇಲೆ ಬದಲಿಸುವಂತಿಲ್ಲ. ಈ ಕಟ್ಟಳೆ ನಾನೇ ಮಾಡಿದ್ದು.

ಒಬ್ಬಳ ಪಾತ್ರ ಒಬ್ಬ ಮುದಿ ಸೂಲಗಿತ್ತಿ. ಎಂ.ಎ. ಓದುವಾಗಿನಿಂದ ಅವಳು ಆ ಮುದುಕಿಯನ್ನೇ ಆಡುತ್ತಿದ್ದಳು. ಮುದುಕಿಗೆ ಕಿವಿ ಮಂದ, ರಾಜರಿಗೂ ಏಕವಚನ. ಹೊರಗೆ ಆಟೋದವರ ಹತ್ತಿರವೂ ದನಿ ಏರಿಸದ ಗೆಳತಿ ಈ ಮೇಜಿನಲ್ಲಿ ಯಾರನ್ನು ಬೇಕಾದರೂ ಗದರುತ್ತಿದ್ದಳು.

ಒಂದು ಭಾನುವಾರ ಮುದುಕಿಗೆ ಹಾವು ಕಚ್ಚಿತು. ವಿಷದ ಅಧ್ಯಾಯ ತೆಗೆದು, ಹನ್ನೆರಡೋ ಹೆಚ್ಚೋ ಬಿದ್ದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಸಾವು ಎಂದೆ. ಹತ್ತು ಬಿತ್ತು.

ಇನ್ನೊಬ್ಬ ಗೆಳತಿ ಪುಸ್ತಕ ಎಳೆದುಕೊಂಡು ತಿರುವಿದಳು. "ತಡಿಯೇ, ಪ್ರಾಣಿಗಳ ಅಧ್ಯಾಯದಲ್ಲಿ ಇದೇ ಹಾವಿಗೆ ಹತ್ತು ಸಾಕು ಅಂತಿದೆ."

"ಹಂಗಾದ್ರೆ ನನ್ನ ಮುದುಕಿ ಬದುಕಿದಾಳೆ ಕಣೆ!" ಎಂದಳು ಸೂಲಗಿತ್ತಿಯಾಗಿದ್ದ ಗೆಳತಿ.

"ಬದುಕೋದು ಹೆಂಗೆ? ಮೊದಲು ಹೇಳಿದ್ದೇ ಕಾನೂನು ಅಂತ ನಮ್ಮ ಜಡ್ಜಮ್ಮ ಮಾಡಿಟ್ಟಿದಾಳಲ್ಲ."

ಇಬ್ಬರೂ ನನ್ನನ್ನೇ ನೋಡಿದರು. ನಾನು ಆಟ ನಿಲ್ಲಿಸಿದೆ.

ಎರಡೂ ಪುಟಗಳನ್ನು ತೋರಿಸಿ ಪ್ರಕಾಶಕರಿಗೆ ಇಮೇಲ್ ಬರೆದೆ. ಉತ್ತರ ಬೇಗನೆ ಬಂತು: ನಿಮ್ಮ ಕಥೆಗೆ ಯಾವುದು ಹೊಂದುತ್ತದೋ ಅದನ್ನು ಬಳಸಿ, ಆಟ ನಿಮ್ಮದು. ಬಹಳ ಸೌಜನ್ಯದ ಉತ್ತರ. ಓದಿ ನನಗೆ ಸಿಟ್ಟು ಬಂತು. ಕಥೆಯನ್ನು ನಾವೇ ಹೆಣೆದುಕೊಳ್ಳಬಲ್ಲೆವು. ಪುಸ್ತಕ ಕೊಂಡದ್ದು ನಿಯಮಕ್ಕಾಗಿ. ನಿಯಮ ಒಂದೇ ಆಗಿದ್ದರೆ ಮುದುಕಿಯನ್ನು ಕೊಂದದ್ದು ದಾಳ. ಪುಸ್ತಕವೇ ಎರಡು ಥರ ಹೇಳಿದರೆ ಕೊಂದವಳು ನಾನು. ಮುಖ ನೋಡಿ ನಿಷ್ಠುರ ಹೇಳಲು ನನಗೆ ಬರುವುದಿಲ್ಲ. ಆ ಕೆಲಸವನ್ನು ಇಷ್ಟು ದಿನ ಪುಸ್ತಕ ಮಾಡುತ್ತಿತ್ತು. ಅಚ್ಚಿಗೆ ಕಳಿಸುವ ಮೊದಲು ಯಾರಾದರೂ ಎರಡು ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ಓದಿದ್ದರೆ ಸಾಕಿತ್ತು.

ಮುಂದಿನ ಭಾನುವಾರ ಆ ಉತ್ತರವನ್ನು ಇಬ್ಬರಿಗೂ ಓದಿದೆ. ಆಮೇಲೆ, "ನಾವು ಮಾಡಿಕೊಂಡ ಹಾಗೆ, ಮೊದಲು ಹೇಳಿದ್ದೇ ನಿಲ್ಲುತ್ತೆ," ಎಂದೆ. "ಅವಳಿಲ್ಲ ಇನ್ನು."

ಸೂಲಗಿತ್ತಿಯಾಗಿದ್ದ ಗೆಳತಿ ಮುದುಕಿಯ ವಿವರ ಬರೆದಿದ್ದ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಎದ್ದು ಹೋಗುತ್ತಾಳೆಂದೇ ನಾನು ಅಂದುಕೊಂಡೆ. ಅವಳು ಹೊಸ ಪಾತ್ರಕ್ಕೆಂದು ಖಾಲಿ ಹಾಳೆಯೊಂದನ್ನು ಎಳೆದುಕೊಂಡಳು, ಏನೂ ಬರೆಯದೆ ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

"ಎಲ್ಲೆಲ್ಲಿ ಎರಡೆರಡು ಥರ ಬರ್ದಿದಾರೋ ಮೊದ್ಲು ಹುಡುಕ್ಬುಡು. ಆಮೇಲೆ ಹುಟ್ತೀನಿ."

ಆ ಮಧ್ಯಾಹ್ನ ಆಟ ಆಗಲಿಲ್ಲ. ಮೂವರೂ ಪೆನ್ಸಿಲ್ ಹಿಡಿದು ಓದುತ್ತ ಕೂತೆವು.