ಸುಗರಾಬಿಯ ಹನ್ನೊಂದು ಫ್ಯಾನು, ಒಂದು ಸಂಡಾಸು

ತಿಕೋಟಾದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೆಣ್ಣುಮಕ್ಕಳ ಮದರಸಾದ ಅಂಗಳದಲ್ಲಿ, ಅಲ್ಲೇ ಉಳಿಯುವ ಹುಡುಗಿಯರ ಸಾಲು ಸಂಡಾಸಿನ ಬಾಗಿಲಿನಿಂದ ಗೇಟಿನತನಕ ಬೆಳೆದಿದೆ. ಒಳಗೆ ಖಜಾಂಚಿ ಸುಗರಾಬಿ ಕೋಣೆ ಕೋಣೆಗೆ ಹೋಗಿ ಫ್ಯಾನು ಆರಿಸುತ್ತಿದ್ದಾರೆ.

“ಅರವತ್ತು ಹುಡುಗ್ಯಾರು, ಹನ್ನೊಂದು ಫ್ಯಾನು, ಒಂದ ಸಂಡಾಸು. ಇದ ನೋಡ್ರಿ ನಮ್ಮ ಲೆಕ್ಕ,” ಎಂದು ನಗುತ್ತಾರೆ.

ಫ್ಯಾನು ಕೊಡುವ ದಾನಿಗಳಿಗೇನೂ ಬರವಿಲ್ಲ. ರೆಕ್ಕೆಯ ಮೇಲೆ ಹೆಸರು ಬರೆಸಬಹುದಲ್ಲ! ಕರೆಂಟು ಬಿಲ್ಲಿನ ಮೇಲೆ ಬರೆಸುವುದೆಲ್ಲಿ? ಉಳ್ಳವರು ವರ್ಷಕ್ಕೊಮ್ಮೆ ಕೊಡಲೇಬೇಕಾದ ಝಕಾತಿನ ಹಣವಿದೆ, ಆದರೆ ಅದು ಬಡ ಮಕ್ಕಳ ಅನ್ನ-ಬಟ್ಟೆಗೆ ಮೀಸಲು. ಅದರಲ್ಲಿ ಒಂದು ಇಟ್ಟಿಗೆ ಕೊಂಡರೂ ಸುಗರಾಬಿಗೆ ನಿದ್ದೆ ಹತ್ತದು.

ಕಾಖಂಡಕಿಯ ಸುತ್ತಲಿನ ಹಳ್ಳಿಗಳಲ್ಲಿ ಬಳೆ ಮಾರುತ್ತಿದ್ದ ಇವರನ್ನು ಮದರಸಾದ ಹಿರಿಯರು ಖಜಾಂಚಿ ಮಾಡಿದ್ದು ಒಂದೇ ಕಾರಣಕ್ಕೆ: ಉದ್ರಿ ಕೊಟ್ಟ ಬಳೆಯ ದುಡ್ಡನ್ನು ಇವರು ಯಾರಿಗೂ ಬಿಟ್ಟವರಲ್ಲ. ಸಂಬಳ? “ಚಾ ಕೊಡ್ತಾರ್ರಿ. ಸಕ್ಕರಿ ನಾನ ತರ್ತೀನಿ.”

ಕಳೆದ ಬೇಸಿಗೆಯಲ್ಲಿ ವಿಜಯಪುರದ ದಾನಿಯೊಬ್ಬರು ತಮ್ಮ ಫ್ಯಾನು ನೋಡಲು ಕಾರಿನಲ್ಲಿ ಬಂದರು. ತಿರುಗುವ ರೆಕ್ಕೆಯಲ್ಲಿ ಹೆಸರು ಕಾಣಲಿಲ್ಲವೆಂದು ಬಂದ್ ಮಾಡಿಸಿದರು. ಫೋಟೊ ಆಯಿತು, ಭಾಷಣ ಶುರುವಾಯಿತು. ಪಾಠ ಹೇಳುವ ಅಬೇದಾ ಸೆರಗಿನಿಂದ ಗಾಳಿ ಬೀಸಿಕೊಂಡರು. ಕೊನೆಗೆ ದಾನಿಯೇ ಬೆವೆತು ತೊಯ್ದು, “ಫ್ಯಾನ್ ಹಚ್ರಿ ಖಾಲಾ, ಜೀವ ಹೊಂಟೈತಿ” ಎಂದರು.

ಸುಗರಾಬಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದರು: “ಹಚ್ತೀನ್ರಿ. ಫ್ಯಾನ್ ನಿಮ್ಮ ಹೆಸರಿನ್ಯಾಗ ಐತಿ. ಗಾಳಿ ಯಾರ ಹೆಸರಿಗೆ ಬರೀಲಿ?”

ಆ ತಿಂಗಳ ಕರೆಂಟು ಬಿಲ್ಲಿನ ದುಡ್ಡು ದಾನಿಯ ಕಿಸೆಯಿಂದ ಅಲ್ಲೇ ಹುಟ್ಟಿತು. ಈಗ ಪ್ರತಿ ಕೋಣೆಯ ಗೋಡೆಗೂ ‘ಈ ತಿಂಗಳ ಗಾಳಿ ಕೊಟ್ಟವರು’ ಎಂಬ ಚೀಟಿ. ಗಾಳಿಗೂ ಗಿರಾಕಿಗಳು ಸಿಕ್ಕಿದ್ದಾರೆ. ಆದರೆ ಅಂದು ಇನ್ನೊಂದು ಸಂಡಾಸಿನ ಮಾತೆತ್ತಿದ್ದೇ ತಡ, ಕಾರಿನಲ್ಲಿ ಬಂದಿದ್ದ ಆ ದಾನಿ “ಬಸ್ ತಪ್ಪತೈತಿ” ಎಂದು ಎದ್ದುಬಿಟ್ಟರು!

ಇದನ್ನು ಹೇಳಿ ನಕ್ಕ ಸುಗರಾಬಿ ಅಂಗಳದ ಸಾಲಿನತ್ತ ಕೈ ತೋರಿಸುತ್ತಾರೆ: ಇವರಾದರೂ ಇಲ್ಲೇ ಉಳಿಯುವವರು. ಊರೊಳಗಿನಿಂದ ಬರುವ ದೊಡ್ಡ ಹುಡುಗಿಯರು ಸಂಡಾಸಿಗೆಂದು ಮಧ್ಯಾಹ್ನ ಮನೆಗೆ ಹೋದರೆ ಮತ್ತೆ ಬರುವುದಿಲ್ಲ. ಈ ವರ್ಷ ಮೂವರು ಓದನ್ನೇ ಬಿಟ್ಟರು.

ಸಿದ್ಧೇಶ್ವರ ಗುಡಿಯ ಹತ್ತಿರ ಅಂಗಡಿ ಇಟ್ಟಿರುವ ಗುರುಪಾದಯ್ಯ ಹೊಸ ಸಂಡಾಸಿಗೆ ಪೈಪು ಕೊಡಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡವಂತೆ. ಇನ್ನು ಗೋಡೆ ಆಗಬೇಕು.

“ಪೇಪರಿನ್ಯಾಗ ಬರೀರಿ,” ಎಂದು ಗೇಟಿನತನಕ ಬಂದು ನನಗೇ ಕೆಲಸ ಹಚ್ಚುತ್ತಾರೆ. “ಕಟ್ಟಿಸಿದವರ ಹೆಸರು ಬಾಗಲದ ಹೊರಗ ದಪ್ಪಕ್ಷರದಾಗ ಬರಸ್ತೀನಿ. ಫ್ಯಾನಿನ ಮ್ಯಾಲಿನ ಹೆಸರು ಯಾರೂ ಓದಂಗಿಲ್ಲ. ಇದನ್ನ ಸಾಲಿನ್ಯಾಗ ನಿಂತ ಹುಡುಗ್ಯಾರು ದಿನಾ ಮುಂಜಾನೆ ಓದ್ತಾರ್ರಿ, ಒಂದಕ್ಷರ ಬಿಡದಂಗ!”