ಮಾಘಮಾಸದ ಒಂದು ಪತ್ರ

ಕಾದಂಬರಿಕಾರರೊಬ್ಬರಿಗೂ ಚಾಮರಾಜಪೇಟೆಯ ಜವಳಿ ವ್ಯಾಪಾರಿಯೊಬ್ಬರಿಗೂ ಇದ್ದ ದೀರ್ಘಕಾಲದ ಸ್ನೇಹ ಒಂದು ಕಾದಂಬರಿಯ ಕಾರಣದಿಂದ ಮುರಿಯಿತು, ವ್ಯಾಪಾರಿ ಅವರನ್ನು ತಮ್ಮ ಮನೆಯ ಕೋಣೆಯಿಂದ ಬಿಡಿಸಿದರು ಎಂದು ನಾನು ಲೇಖನವೊಂದರಲ್ಲಿ ಬರೆದಿದ್ದೆ. ಇಬ್ಬರೂ ಈಗಿಲ್ಲ. ಲೇಖನ ಅಚ್ಚಾದ ವಾರದಲ್ಲಿ ವ್ಯಾಪಾರಿಯ ಪತ್ನಿ ಫೋನ್ ಮಾಡಿದರು. "ನಮ್ಮ ಯಜಮಾನ್ರು ಯಾರನ್ನೂ ಮನೆಯಿಂದ ಆಚೆ ಹಾಕ್ದೋರಲ್ಲ. ಆಧಾರ ಏನಿದೆ ಅಂತ ಬಂದು ನನ್ನೆದುರಿಗೆ ಹೇಳಿ," ಎಂದರು.

ಆಧಾರ ನನ್ನಲ್ಲಿತ್ತು. ನೌಕರಿಯ ನಿಮಿತ್ತ ಊರೂರು ಸುತ್ತುತ್ತಿದ್ದಷ್ಟು ಕಾಲ ಕಾದಂಬರಿಕಾರರು ವ್ಯಾಪಾರಿಗೆ ತಪ್ಪದೆ ಪತ್ರ ಬರೆಯುತ್ತಿದ್ದರು. ಅವರ ಹಸ್ತಪ್ರತಿಗಳ ಮೊದಲ ಓದುಗರೂ ವ್ಯಾಪಾರಿಯೇ. ಬೆಂಗಳೂರಿಗೆ ಬಂದಾಗ ವಾಸಕ್ಕೆ ತಮ್ಮ ಮನೆಯ ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟವರೂ ಅವರೇ. ಅವರು ಬಂದ ವರ್ಷದ ದೀಪಾವಳಿಗೆ, ಪೇಟೆಯ ವರ್ತಕನೊಬ್ಬನನ್ನು ಕಟುವಾಗಿ ಚಿತ್ರಿಸಿದ ಕಾದಂಬರಿ ಹೊರಬಂತು. ಅದರ ಬೆನ್ನಿಗೆ, ಮಾಘಮಾಸದಲ್ಲಿ, ವ್ಯಾಪಾರಿಯ ಎರಡು ಸಾಲಿನ ಪತ್ರ: ಕೋಣೆಯ ಬೀಗದ ಕೈ ಕಳುಹಿಸಿಕೊಡಿ, ಬೇರೆಯವರಿಗೆ ಕೊಡುವುದಿದೆ. ಆಮೇಲೆ ಸುಮಾರು ಒಂದು ವರ್ಷ ಪತ್ರಗಳೇ ಇಲ್ಲ. ವಿರಸವಾಗಿರಬೇಕೆಂದು ಊಹಿಸಿದೆ; ಊಹೆ ಎನ್ನದೆ ನಿರ್ಣಯವೆಂದೇ ಬರೆದೆ.

ಬಸವನಗುಡಿಯ ನನ್ನ ಮನೆಯಿಂದ ಇಬ್ಬರ ಪತ್ರಗಳ ಕಡತ ಹಿಡಿದುಕೊಂಡು ಆಕೆಯ ಮನೆಗೆ ಹೋದೆ. ಆಕೆ ಭೂತಗನ್ನಡಿಯಲ್ಲಿ ಮಾಘಮಾಸದ ಆ ಪತ್ರ ನೋಡಿ ಕೇಳಿದರು:

"ಇದರಲ್ಲಿ ಇಸವೀನೇ ಇಲ್ವಲ್ಲ ಮೇಷ್ಟ್ರೇ?"

"ಸಂವತ್ಸರ, ಮಾಸ, ತಿಥಿ ಇದೆಯಲ್ಲಮ್ಮ. ಯಾವ ಸಂವತ್ಸರಕ್ಕೆ ಯಾವ ಇಸವಿ ಅಂತ ಪಟ್ಟಿ ಇರತ್ತೆ. ಅದನ್ನ ನೋಡಿ ಹಾಕ್ದೆ."

"ಮಾಘ ಬರೋದು ಸಂವತ್ಸರದ ಕೊನೇಲಿ. ಅಷ್ಟೊತ್ತಿಗೆ ನಿಮ್ಮ ಇಸವಿ ಬದಲಾಗಿರಲ್ವಾ? ಇಷ್ಟೆಲ್ಲ ಓದಿದೀರಿ, ಗೋಡೆ ಮೇಲಿನ ಕ್ಯಾಲೆಂಡರ್ ನೋಡೋಕಾಗ್ಲಿಲ್ವಾ?"

 ಆ ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಸಂವತ್ಸರದ ಎದುರು ಒಂದೇ ಇಸವಿ ಇರುತ್ತದೆ. ಅದು ಯುಗಾದಿಯಿಂದ ಡಿಸೆಂಬರಿನವರೆಗೆ ಮಾತ್ರ ಸರಿ. ಪತ್ರವನ್ನು ಅಂಗಡಿಯ ಆಳು ಕೈಯಾರೆ ಒಯ್ದಿದ್ದರಿಂದ ಅಂಚೆಯ ಮುದ್ರೆಯೂ ಇರಲಿಲ್ಲ. ಪತ್ರವನ್ನು ಒಂದು ವರ್ಷ ಮುಂದಕ್ಕೆ ಸರಿಸಿದೆ. ಆಗ ಅದು, ಇಂಗ್ಲಿಷ್ ತಾರೀಖು ಹಾಕುವ ರೂಢಿಯಿದ್ದ ಕಾದಂಬರಿಕಾರರ ಒಂದು ಪತ್ರದ ಮರುವಾರಕ್ಕೆ ಬಂದು ಕೂತಿತು. ಮಲ್ಲೇಶ್ವರದ ಸ್ವಂತ ಮನೆಯಿಂದ ಅವರು ಬರೆದಿದ್ದರು: ಗೃಹಪ್ರವೇಶದ ಗಡಿಬಿಡಿಯಲ್ಲಿ ಬೀಗದ ಕೈ ನನ್ನಲ್ಲೇ ಉಳಿಯಿತು, ಏನು ಮಾಡಲಿ? ಈ ಪ್ರಶ್ನೆಯನ್ನು, ವ್ಯಾಪಾರಿ ಬೀಗದ ಕೈ ಕೇಳಿ ಒಂದು ವರ್ಷವಾದ ಮೇಲೆ ಬಂದ ಉದಾಸೀನದ ಉತ್ತರವೆಂದು ನಾನು ವ್ಯಾಖ್ಯಾನಿಸಿದ್ದೆ.

"ಹಾಗಾದ್ರೆ ಅಲ್ಲೀವರೆಗೆ ಪತ್ರಗಳು ಯಾಕಿಲ್ಲಮ್ಮ?"

"ಅವರು ಮೇಲೆ, ನಾವು ಕೆಳಗೆ. ಮೆಟ್ಟಿಲು ಇಳಿದ್ರೆ ಕಾಫಿ. ಕಾಗದ ಯಾರಿಗೆ ಬರೀಬೇಕಿತ್ತು?" ಎಂದು ನಕ್ಕರು. ನಗು ನಿಲ್ಲಿಸಿ, "ತಪ್ಪನ್ನ ಎಷ್ಟು ದೊಡ್ಡದಾಗಿ ಹಾಕಿದ್ರೋ ಸರೀನೂ ಅಷ್ಟೇ ದೊಡ್ಡದಾಗಿ ಹಾಕ್ಸಿ," ಎಂದರು.

ಸಂಪಾದಕರು ಕೊನೆಯ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಸಾಕೆಂದರು. ನಾನು ಒಪ್ಪದೆ ಪೂರ್ಣ ಲೇಖನವನ್ನೇ ಬರೆದು, ಕಳುಹಿಸುವ ಮೊದಲು ಆಕೆಗೆ ಓದಿ ಹೇಳಿದೆ. ವ್ಯಾಪಾರಿಯನ್ನು ಆಶ್ರಯದಾತರೆಂದು ಕರೆದಿದ್ದಲ್ಲಿ ಆಕೆ ಕೈ ಅಡ್ಡ ಹಿಡಿದರು.

"ಆಶ್ರಯ ಗೀಶ್ರಯ ಏನಿಲ್ಲ. ಅವರು ಬರೆದಿದ್ದಕ್ಕೆಲ್ಲ ಇವರು ಜಗಳ ತೆಗೆಯೋರು, ಅವರು ತಿದ್ದೋರು. ಸ್ನೇಹಿತರು ಅಂತ ಹಾಕಿ."

ಪತ್ರಿಕೆಗೆ ಹೋದ ಪ್ರತಿಯಲ್ಲಿ ಹಾಗೆಯೇ ಇದೆ.